ಬಿಲ್ಲು ಕೈಯಲ್ಲಿರುವಷ್ಟು ಹೊತ್ತು

ನ್ಯೆಂಡೊ, ಮಸಾಕಾ
9 ಫೆಬ್ರವರಿ 2014

ಮಗಳೇ ನಂಕ್ಯಾ,

ಹೇಗಿದ್ದೀಯ? ನಮ್ಮ ಅಳಿಯ ಲುಬ್ವಾಮಾನ ಬೆನ್ನುನೋವು ಈಗ ಹೇಗಿದೆ? ದಿನವೆಲ್ಲ ಕರೆಂಟು ಕಂಬ ಹತ್ತಿ ಇಳಿಯುವವನು, ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ನಾಚಬಾರದು ಎಂದು ಹೇಳು. ನಿಮ್ಮ ಮನೆಯೊಡತಿ ಲಾಮುನುವಿನ ಮಂಡಿ ವಾಸಿಯಾಯಿತೆ? ನಿನ್ನ ಆ ಕುಂಟುಕೋಳಿ ಬದುಕಿದೆಯೋ, ಯಾರೋ ನೆಂಟರು ಬಂದ ನೆಪದಲ್ಲಿ ಸಾರಾಯಿತೋ? ನಾನು ಚೆನ್ನಾಗಿದ್ದೇನೆ. ನಮ್ಮವರು, ನಿನ್ನ ಕಯೊಂಡೊ ಮಾವ, ಕಲುಂಗುವಿನ ತೋಟಕ್ಕೆ ಕಾಫಿ ಕೊಯ್ಲಿಗೆ ಹೋಗಿದ್ದಾರೆ.

ಫೋನು ಮಾಡಿದರೆ ನಾನು ಎತ್ತುವುದಿಲ್ಲವೆಂದು ಬೇಜಾರು ಮಾಡಿಕೊಂಡಿದ್ದೀಯ. ಈ ಕಿವಿಗೆ ನಿನ್ನ ದನಿ ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದ ಹಾಗೆ ಕೇಳುತ್ತದೆ ಕಂದ. ಬರೆದರೆ ಎಲ್ಲವೂ ಸ್ಪಷ್ಟ. ನಾನು ಅಕ್ಷರ ಕಲಿತದ್ದೇ ನಲವತ್ತು ದಾಟಿದ ಮೇಲೆ, ನಾನು ನಡೆಸುತ್ತಿದ್ದ ಊಟದ ಮನೆಯ ಹಲಗೆಯ ಮೇಲೆ ‘ಇವತ್ತು ಮೀನಿಲ್ಲ’ ಎಂದು ಬರೆಯುವುದಕ್ಕೆ. ಕಲಿತದ್ದು ಈಗ ನಿನಗೆ ಬರೆಯಲು ಉಪಯೋಗಕ್ಕೆ ಬಂತು. ಈ ಕಾಗದವನ್ನು ಕಂಪಾಲಾ ಬಸ್ಸಿನ ಡ್ರೈವರನ ಕೈಲಿ ಕೊಡುತ್ತೇನೆ, ಅವನು ಗುಲು ಬಸ್ಸಿಗೆ ದಾಟಿಸುತ್ತಾನೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಪ್ರತಿ ಶನಿವಾರ ಸಂಜೆ ನೀವಿಬ್ಬರೂ ಆ ಮಾವಿನ ಮರದಡಿಯ ಹೋಟೆಲಿಗೆ ಹೋಗುತ್ತೀರಿ, ಊಟ ಮುಗಿದು ಬಿಲ್ಲು ಬಂದರೆ ಲುಬ್ವಾಮಾ ಅದನ್ನು ಹಿಡಿದುಕೊಂಡು ತುಂಬ ಹೊತ್ತು ನೋಡುತ್ತಾ ಕೂರುತ್ತಾನೆ, ಮಾತಾಡುವುದಿಲ್ಲ. ನಿನಗೆ ಭಯ, ಖರ್ಚು ಹೆಚ್ಚಾಯಿತೆಂದು ಎಲ್ಲಿ ಹೋಗುವುದನ್ನೇ ನಿಲ್ಲಿಸಿಬಿಡುತ್ತಾನೋ ಎಂದು. ಭಾಷೆ ಬಾರದ ಊರಿನಲ್ಲಿ ವಾರವಿಡೀ ಶಾಲೆ ಮಕ್ಕಳ ಬಟ್ಟೆ ಹೊಲಿಯುವ ನಿನಗೆ ಅದೊಂದೇ ಸಂಜೆ ಎಂದು ಬರೆದಿದ್ದೀಯ. ಅದನ್ನು ಎರಡು ಸಲ ಓದಿದೆ.

ಮೂವತ್ತು ವರ್ಷ ನಾನು ಅಡುಗೆಮನೆಯ ಕಿಂಡಿಯಿಂದ ಗಂಡಹೆಂಡಿರು ಉಣ್ಣುವುದನ್ನು ನೋಡಿದವಳು. ಬಿಲ್ಲು ದಿಟ್ಟಿಸುವ ಗಂಡಸು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿರುತ್ತಾನೆ, ಇದರಲ್ಲಿ ನನಗೆ ಅನುಮಾನವಿಲ್ಲ. ನಾನು ನಿನ್ನ ಅಪ್ಪನ ಅಕ್ಕ, ನಿನ್ನ ಸೆಂಗಾ. ಮದುವೆಗೆ ಮುಂಚೆ ಸಂಸಾರದ ಗುಟ್ಟೆಲ್ಲ ಹೇಳಿಕೊಟ್ಟವಳು ನಾನೇ, ಇದನ್ನೂ ನಾನೇ ಹೇಳಬೇಕು. ಬಿಲ್ಲು ಚಿಕ್ಕದಾದರೆ ಶನಿವಾರ ಉಳಿಯುತ್ತದೆ.

ಸೋಡಾ ಕುಡಿಯಬೇಡಿ, ಹೋಟೆಲಿನವರಿಗೆ ಲಾಭ ಬರುವುದೇ ಅದರಲ್ಲಿ. ಹೊರಡುವ ಮುಂಚೆ ಮನೆಯಲ್ಲೇ ಚಹಾ ಕುಡಿಯಿರಿ. ಸಂಜೆ ಏಳಕ್ಕೆ ಹೋಗುವ ಬದಲು ನಾಲ್ಕಕ್ಕೆ ಹೋಗಿ. ಮಧ್ಯಾಹ್ನ ಮಾಡಿದ್ದು ಮಿಕ್ಕಿರುತ್ತದೆ, ದೊಡ್ಡ ತುಂಡೇ ಹಾಕುತ್ತಾರೆ, ದುಡ್ಡೂ ಕಡಿಮೆ. ಮೀನು ಮಾತ್ರ ಬೇಡ, ತೂಕದಲ್ಲಿ ಮೋಸ. ನಾನೂ ಸ್ವಲ್ಪ ಮಾಡಿದ್ದೇನೆ, ದೇವರು ಕ್ಷಮಿಸಲಿ.

ನಿನ್ನ ಸೆಂಗಾ,
ನಾಲುಂಗಾ


ಗುಲು
26 ಫೆಬ್ರವರಿ 2014

ಪ್ರೀತಿಯ ಸೆಂಗಾ,

ಮಂಡಿಯೂರಿ ನಮಸ್ಕಾರ. ಕೋಳಿ ಬದುಕಿದೆ, ಲಾಮುನುವಿನ ಮಂಡಿಯೂ ಬದುಕಿದೆ. ಇವರ ಬೆನ್ನು ಪರವಾಗಿಲ್ಲ.

ನೀವು ಹೇಳಿದಂತೆ ಎರಡು ಶನಿವಾರ ನಾಲ್ಕಕ್ಕೆ ಹೋದೆವು. “ಇಷ್ಟು ಬೇಗ ಯಾಕೆ ಮಾರಾಯ್ತಿ, ಬಿಸಿಲೇ ಇಳಿದಿಲ್ಲ” ಅಂದರು. “ಈಗ್ಲೇ ರುಚಿ ಇರೋದು, ನಡೀರಿ” ಅಂದೆ. ಉಳಿತಾಯದ ಮಾತು ಎತ್ತಲಿಲ್ಲ, ಗಂಡಸರಿಗೆ ಅವಮಾನ ಆಗುತ್ತದೆ ಎಂದು ನೀವೇ ಹೇಳಿಕೊಟ್ಟದ್ದು. ಸೋಡಾ ಬೇಡ ಅಂದಾಗ ನನ್ನ ಮುಖ ನೋಡಿ ತಮಗೂ ಬೇಡ ಅಂದರು.

ಬಿಲ್ಲು ಅರ್ಧಕ್ಕೆ ಇಳಿದಿದೆ. ಆದರೂ ಅಷ್ಟೇ ಹೊತ್ತು ನೋಡುತ್ತಾರೆ ಸೆಂಗಾ. ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದರು, ಅಲ್ಲಿ ಏನೂ ಇರಲಿಲ್ಲ. ಇನ್ನೇನಾದರೂ ಇದ್ದರೆ ಹೇಳಿ.

ಮಾವನ ಕೊಯ್ಲು ಮುಗಿಯಿತೆ? ಅವರಿಗೂ ನಮಸ್ಕಾರ.

ನಿಮ್ಮ,
ನಂಕ್ಯಾ


ನ್ಯೆಂಡೊ, ಮಸಾಕಾ
9 ಮಾರ್ಚ್ 2014

ಮಗಳೇ ನಂಕ್ಯಾ,

ಎಲ್ಲರೂ ಕ್ಷೇಮವೆಂದು ತಿಳಿದು ಸಮಾಧಾನವಾಯಿತು. ಮಾವ ಕಾಫಿ ಒಣಗಿಸುವುದಕ್ಕೆ ಅಲ್ಲೇ ಇದ್ದಾರೆ. ಇಲ್ಲಿ ಮಳೆ ಶುರುವಾಗುವ ಹಾಗಿದೆ. ಊಟದ ಮನೆ ಮುಚ್ಚಿದಾಗಿನಿಂದ ನನಗೆ ಕೆಲಸವೆಂದರೆ ಮೇಜು ಕುರ್ಚಿಗಳ ಧೂಳು ಒರೆಸುವುದು. ಅಕ್ಕಪಕ್ಕದವರು ಮಾರಿಬಿಡು ಎನ್ನುತ್ತಾರೆ. ಒಂದರ ಮೇಲೊಂದು ಪೇರಿಸಿಟ್ಟಿದ್ದೇನೆ, ಕೋಣೆ ತುಂಬಿದ ಹಾಗೆ ಕಾಣುತ್ತದೆ.

ಅರ್ಧ ಬಿಲ್ಲನ್ನೂ ಅಷ್ಟೇ ಹೊತ್ತು ನೋಡುತ್ತಾನೆಂದರೆ ಅವನಿಗೆ ಅರ್ಧವೂ ಹೆಚ್ಚು ಎಂದೇ ಅರ್ಥ. ಇನ್ನೆರಡು ಉಪಾಯ ಉಳಿದಿವೆ. ಮೊದಲನೆಯದನ್ನು ನನ್ನ ಕೈಯಾರೆ ಬರೆಯುತ್ತಿದ್ದೇನೆಂದು ನನಗೇ ನಂಬಿಕೆಯಾಗುತ್ತಿಲ್ಲ.

ಆ ಹೋಟೆಲಿನಲ್ಲಿ ನಮ್ಮ ಕಡೆಯ ಹೆಂಗಸು ಬಾಳೆಲೆಯಲ್ಲಿ ಕೋಳಿ ಕಟ್ಟಿ ಬೇಯಿಸುವ ಲುವೊಂಬೊ ಮಾಡುತ್ತಾಳೆ ಎಂದಿದ್ದೆಯಲ್ಲ. ಇಬ್ಬರಿಗೂ ಸೇರಿ ಒಂದೇ ಪೊಟ್ಟಣ ತರಿಸು. ಬೇಯಿಸಿದ ಮಾಟೊಕೆ ಬಾಳೆಕಾಯಿಯನ್ನು ಎರಡನೇ ಸಲ ದುಡ್ಡು ಕೇಳದೆ ಬಡಿಸುತ್ತಾರೆ, ಅದರಲ್ಲೇ ಹೊಟ್ಟೆ ತುಂಬುತ್ತದೆ. ಒಬ್ಬರಿಗೆ ಒಂದು ಪೊಟ್ಟಣ, ಬಾಳೆಲೆಯ ಗಂಟನ್ನು ಉಣ್ಣುವವರೇ ಬಿಚ್ಚಬೇಕು, ಗಂಡನದನ್ನು ಹೆಂಡತಿ ಬಿಚ್ಚಬಾರದು ಎಂದು ನಿನಗೆ ಹೇಳಿಕೊಟ್ಟವಳು ನಾನೇ. ಒಂದೇ ಪೊಟ್ಟಣ ಕೇಳಿದವರನ್ನು ನನ್ನ ಊಟದ ಮನೆಯಿಂದ ಎಬ್ಬಿಸಿ ಕಳಿಸಿದ್ದೂ ಉಂಟು. ಈಗಿನ ಕಾಲಕ್ಕೆ ಅದನ್ನೆಲ್ಲ ಬಿಡಬೇಕು. ನೀನೇ ಬಿಚ್ಚಿ ಎರಡು ತಟ್ಟೆಗೆ ಹಂಚು.

ಎರಡನೆಯದು, ಕೂರುವ ಮುಂಚೆಯೇ ಒಳಗೆ ಹೋಗಿ ಹೊಲಿಗೆಯ ದುಡ್ಡಿನಲ್ಲಿ ಹಣ ಕಟ್ಟಿಬಿಡು. ಬಿಲ್ಲು ಮೇಜಿಗೆ ಬರುವುದೇ ಬೇಡ. ಕಣ್ಣಿಗೆ ಬೀಳದಿದ್ದರೆ ಅವನು ಏನನ್ನು ನೋಡುತ್ತಾನೆ? ನಿನ್ನ ಮುಖವನ್ನು ನೋಡಲಿ.

ನಿನ್ನ ಸೆಂಗಾ,
ನಾಲುಂಗಾ


ಗುಲು
25 ಮೇ 2014

ಪ್ರೀತಿಯ ಸೆಂಗಾ,

ಬರೆಯುವುದು ತಡವಾಯಿತು. ಶಾಲೆ ಶುರುವಾಗಿ ಬಟ್ಟೆಯ ಕೆಲಸ ಜಾಸ್ತಿಯಿತ್ತು.

ನಿಮ್ಮ ಉಪಾಯಗಳೆಲ್ಲ ಫಲಿಸಿವೆ. ಮೊದಲ ದಿನ ಒಂದೇ ಪೊಟ್ಟಣ ಬಂದಾಗ, “ನಮ್ಮಪ್ಪನ ಮನೇಲಿ ಬೆಕ್ಕಿಗೂ ಒಂದು ಪೊಟ್ಟಣ ಕಟ್ತಿದ್ರು ಕಣೇ” ಅಂತ ನಕ್ಕರು. ನಾನು ಗಂಟು ಬಿಚ್ಚಿದೆ. ಆವಿ ಪೂರ್ತಿ ನನ್ನ ಮುಖಕ್ಕೇ ಹೊಡೆಯಿತು. ಅವರು ನಗು ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದರು. ಬಿಲ್ಲು ಎಲ್ಲಿ ಅಂತ ಕೇಳಿದರು. ಆಗಲೇ ಕಟ್ಟಾಯಿತು ಅಂದೆ. “ಓ” ಅಂದರು. ಎದ್ದೆವು.

ಮನೆಗೆ ಬಂದಾಗ ಐದಾಗಿರಲಿಲ್ಲ. ದಾರಿಯುದ್ದಕ್ಕೂ ನಮ್ಮ ನೆರಳು ಮುಂದೆ ಮುಂದೆ ಹೋಗುತ್ತಿತ್ತು. ಸಂಜೆ ಏನು ಮಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ, ನಾನು ಮೆಷಿನ್ ಮುಂದೆ ಕೂತೆ.

ಏಪ್ರಿಲ್ ಕೊನೆಯಿಂದ ಅವರಿಗೆ ಶನಿವಾರವೂ ಕೆಲಸ. ಹಾಗಾಗಿ ಉಳಿತಾಯ ಇನ್ನೂ ಹೆಚ್ಚಾಗಿದೆ. ಉಳಿದ ದುಡ್ಡು ಹಾಕುವ ಕೋಕೋ ಡಬ್ಬ ತುಂಬಿ ಇನ್ನೊಂದು ಡಬ್ಬ ಇಟ್ಟಿದ್ದೇನೆ. ನಿಮಗೆ ಸಂತೋಷವಾಗಬಹುದು.

ಕುಂಟುಕೋಳಿಯನ್ನು ಲಾಮುನುವಿಗೆ ಕೊಟ್ಟೆ.

ನಿಮ್ಮ,
ನಂಕ್ಯಾ


ನ್ಯೆಂಡೊ, ಮಸಾಕಾ
1 ಜೂನ್ 2014

ನಂಕ್ಯಾ,

ಕ್ಷೇಮವೆಂದು ಭಾವಿಸಿದ್ದೇನೆ. ನಿನ್ನ ಕಾಗದ ನಿನ್ನೆ ಬಂತು. ಡಬ್ಬದ ವಿಷಯ ಬಿಡು. ‘ಶನಿವಾರವೂ ಕೆಲಸ’ ಎಂಬಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು.

ಶನಿವಾರ ಕೆಲಸವಿದೆ ಎನ್ನುವ ಗಂಡಸರನ್ನು ನಾನು ಬಲ್ಲೆ. ಮೊದಲು ಶನಿವಾರ, ಆಮೇಲೆ ಭಾನುವಾರ, ಆಮೇಲೆ ತೋಟಕ್ಕೆ ಬೇಲಿ ಹಾಕಬೇಕು, ಕಾಫಿ ಗಿಡ ಸವರಬೇಕು, ಕೊನೆಗೆ ಬಟ್ಟೆಬರೆಯೂ ಅಲ್ಲಿಗೇ ಹೋಗುತ್ತದೆ. ಹೆಂಡತಿ ಏನೂ ಕೇಳುವುದಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟರೆ ಎಂದು ಸುಮ್ಮನಿರುತ್ತಾಳೆ. ನೀನು ಹಾಗೆ ಇರಬೇಡ. ಅವನ ಅಂಗಿಯ ಜೇಬು ನೋಡು. ಸಾಮಾನಿನ ಚೀಲ ನೋಡು. ಚೀಟಿ, ಕರವಸ್ತ್ರ, ಏನೇ ಸಿಕ್ಕಿದರೂ ಎದುರಿಗಿಟ್ಟು ಕೇಳು. ಅಳಬೇಡ, ಕೂಗಬೇಡ, ಕೇಳು.

ನಾನು ಚೆನ್ನಾಗಿದ್ದೇನೆ. ಮಾವ ಕಲುಂಗುವಿನಲ್ಲಿ.

ನಿನ್ನ ಸೆಂಗಾ


ಗುಲು
6 ಜುಲೈ 2014

ಪ್ರೀತಿಯ ಸೆಂಗಾ,

ಮಂಡಿಯೂರಿ ನಮಸ್ಕಾರ. ಈ ಕಾಗದ ಉದ್ದವಾಗುತ್ತದೆ, ಬೆಳಕಿರುವಾಗ ಓದಿಕೊಳ್ಳಿ.

ಮೊದಲು ಒಂದು ತಪ್ಪೊಪ್ಪಿಗೆ. ಕೆಲಸಕ್ಕೆಂದು ಅವರು ಹೋದ ಶನಿವಾರಗಳಲ್ಲಿ ನಾನೊಬ್ಬಳೇ ಆ ಹೋಟೆಲಿಗೆ ಹೋಗುತ್ತಿದ್ದೆ. ಒಂದೇ ಪೊಟ್ಟಣ ತರಿಸಿಕೊಳ್ಳುತ್ತಿದ್ದೆ, ಈಗ ಅದು ಸರಿಯಾದ ಲೆಕ್ಕವೇ ಆಗಿತ್ತು. ಹೋಟೆಲಿನ ಹೆಂಗಸು ಎದುರಿಗಿನ ಕುರ್ಚಿಯನ್ನು ಬೇರೆ ಮೇಜಿಗೆ ಬೇಕೆಂದು ಎತ್ತಿಕೊಂಡು ಹೋಗುತ್ತಿದ್ದಳು. ನಿಮಗೆ ಹೇಳಲು ನಾಚಿಕೆಯಾಯಿತು.

ನೀವು ಹೇಳಿದಂತೆ ಅವರ ಚೀಲ ನೋಡಿದೆ. ಇಕ್ಕಳ, ತಂತಿ, ರಬ್ಬರಿನ ಕೈಗವಸುಗಳ ಕೆಳಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳು. ಬಿಡಿಸಿದರೆ ಎಲ್ಲವೂ ಆ ಹೋಟೆಲಿನ ಬಿಲ್ಲು. ನಾವು ಗುಲುವಿಗೆ ಬಂದ ಮೊದಲ ಶನಿವಾರದಿಂದ ಮಾರ್ಚಿನವರೆಗೆ, ಒಂದೊಂದನ್ನೂ ನಾಲ್ಕಾಗಿ ಮಡಚಿ ಇಟ್ಟಿದ್ದಾರೆ. ಆಮೇಲಿನದು ಒಂದೂ ಇಲ್ಲ.

ನನಗೆ ಉರಿದುಹೋಯಿತು. ಸ್ನಾನ ಮುಗಿಸಿ ಬಂದವರ ಎದುರಿಗೆ ಸುರಿದೆ. “ಎರಡು ವರ್ಷದ ಲೆಕ್ಕ ಇಟ್ಕೊಂಡಿದ್ದೀರಲ್ಲ, ಬಡ್ಡಿ ಹಾಕಿ ವಸೂಲಿ ಮಾಡ್ತೀರಾ?” ಅಂದೆ.

ಅವರು ಟವೆಲಿನಲ್ಲೇ ಕೂತುಬಿಟ್ಟರು. “ಲೆಕ್ಕ ಅಲ್ಲ ಕಣೇ” ಅಂದರು. ಬಿಲ್ಲುಗಳನ್ನು ಒಂದೊಂದಾಗಿ ಮತ್ತೆ ಮಡಚುತ್ತಾ ಹೇಳಿದರು. “ಬಿಲ್ಲು ಕೈಲಿರೋ ತನಕ ಯಾರೂ ಎಬ್ಬಿಸಲ್ಲ. ದುಡ್ಡು ಕೊಟ್ಬಿಟ್ರೆ ಏಳ್ಬೇಕು. ಮನೆಗೆ ಬಂದ್ರೆ ನೀನು ಆ ಮೆಷಿನ್ ಮುಂದೆ ಕೂರ್ತೀಯ, ಆಮೇಲೆ ಅದು ಮಾತಾಡತ್ತೆ, ನೀನಾಡಲ್ಲ. ಅಲ್ಲಿ ಮಾತ್ರ ನೀನು ಅಪ್ಪನ ಮನೆ ವಿಷಯ, ಸೆಂಗಾ ವಿಷಯ ಎಲ್ಲಾ ಹೇಳ್ತಿದ್ದೆ. ಅದಕ್ಕೇ ನೋಡ್ತಾ ಕೂತಿರ್ತಿದ್ದೆ. ಏನು ಬರೆದಿದೆ ಅಂತ ನಾನು ಯಾವತ್ತೂ ಓದಿಲ್ಲ.”

“ಮತ್ತೆ ಶನಿವಾರ ಯಾಕೆ ಕೆಲಸಕ್ಕೆ ಹೋದ್ರಿ?”

“ನೀನೇ ತಾನೆ? ಸೋಡಾ ಬೇಡ ಅಂದೆ. ಕತ್ತಲಾಗೋದ್ರೊಳಗೆ ಮುಗಿಸಬೇಕು ಅಂದೆ. ನನ್ನ ಪೊಟ್ಟಣ ನೀನೇ ಬಿಚ್ಚಿದೆ. ಕೂರೋ ಮುಂಚೆನೇ ದುಡ್ಡು ಕಟ್ಟಿದೆ. ಬೇಗ ಎದ್ದು ಹೋಗೋಕೆ ಇಷ್ಟೊಂದು ಅವಸರ ಇರೋಳನ್ನ ನಾನು ಯಾಕೆ ಕೂರಿಸ್ಲಿ?”

ಸೆಂಗಾ, ನಿಮ್ಮ ಕಾಗದಗಳ ವಿಷಯ ಹೇಳಿಬಿಡೋಣ ಎಂದುಕೊಂಡೆ. ಹೇಳಲಿಲ್ಲ. ನೀವು ಒಳ್ಳೆಯದಕ್ಕೇ ಬರೆದದ್ದು, ಕೇಳಿದವಳೂ ನಾನೇ.

ಆಮೇಲೆ ಗೊತ್ತಾಯಿತು, ಕಿಟ್ಗುಮ್ ಕಡೆಯ ಹೊಸ ಕರೆಂಟು ಲೈನಿನ ಕೆಲಸಕ್ಕೆ ಅವರು ಮೇ ತಿಂಗಳಲ್ಲೇ ಹೆಸರು ಕೊಟ್ಟುಬಿಟ್ಟಿದ್ದರು. ಶನಿವಾರ ಇಲ್ಲಿದ್ದು ಏನು ಮಾಡಲಿ ಎಂದು. ಈಗ ಹಿಂದೆಗೆದರೆ ಇಲ್ಲಿನ ಕೆಲಸವೂ ಹೋಗುತ್ತದೆ. ಸೋಮವಾರ ಹೋದರು. ಒಮ್ಮೆ ಬರುವುದು ಆಗಸ್ಟ್ ಒಂಬತ್ತರ ಶನಿವಾರ, ಒಂದೇ ದಿನಕ್ಕೆ. ಹೋಟೆಲಿಗೆ ಹೋಗೋಣವೇ ಎಂದು ಕೇಳಿದೆ. “ನೋಡೋಣ” ಅಂದರು. ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಆ ಕವರನ್ನು ಮೇಜಿನ ಮೇಲೇ ಬಿಟ್ಟುಹೋದರು. ಮರೆತರೋ, ಬೇಡವೆಂದೋ, ನನಗಾಗಿಯೋ ಗೊತ್ತಿಲ್ಲ.

ಇನ್ನೊಂದು ಮಾತು. ನಾನು ಎಷ್ಟು ಸಲ ಕೇಳಿದರೂ ಮಾವ ಕಲುಂಗುವಿನಲ್ಲೇ ಇರುತ್ತಾರೆ. ಫೆಬ್ರವರಿಯಿಂದ ಅದು ಯಾವ ಕಾಫಿ ಸೆಂಗಾ? ಹೋದ ಕಾಗದದಲ್ಲಿ ನೀವು ಬರೆದ ಬೇಲಿ, ತೋಟ ಎಲ್ಲ ಯಾರದು? ತಪ್ಪಾಗಿದ್ದರೆ ಬಯ್ಯಿರಿ.

ನಿಮ್ಮ,
ನಂಕ್ಯಾ


ನ್ಯೆಂಡೊ, ಮಸಾಕಾ
27 ಜುಲೈ 2014

ಮಗಳೇ ನಂಕ್ಯಾ,

ಹೇಗಿದ್ದೀಯ? ಊಟ ಮಾಡುತ್ತಿದ್ದೀಯ ತಾನೆ? ಕಿಟ್ಗುಮ್‌ನಲ್ಲಿ ಲುಬ್ವಾಮಾ ಎಲ್ಲಿ ಮಲಗುತ್ತಾನೆ, ಬೆನ್ನಿಗೆ ಎಣ್ಣೆ ಯಾರು ತಿಕ್ಕುತ್ತಾರೆ? ಲಾಮುನು ಕೋಳಿಯನ್ನು ಕೊಯ್ಯದಿದ್ದರೆ ವಾಪಸು ತೆಗೆದುಕೋ, ಮನೆಯಲ್ಲಿ ಒಂದು ಜೀವ ಓಡಾಡಲಿ.

ಬಯ್ಯುವುದಿಲ್ಲ. ನಿನ್ನ ಮಾವ ಇಲ್ಲಿ ಇಲ್ಲ. ಎರಡು ವರ್ಷವಾಯಿತು. ಕಾಫಿ ಕೊಯ್ಲಿಗೆಂದು ಹೋದವರು ಅಲ್ಲೇ ಉಳಿದರು. ಅಲ್ಲಿ ಒಬ್ಬ ಹೆಂಗಸು ಇದ್ದಾಳೆ ಎಂದು ಕೆಲವರು, ಇಲ್ಲ ಎಂದು ಕೆಲವರು. ನಾನು ಕೇಳಿಲ್ಲ. ನಿನಗೆ ಹೇಳಲಿಲ್ಲ. ತನ್ನ ಮನೆಯ ಮೇಜು ಖಾಲಿ ಇಟ್ಟುಕೊಂಡವಳು ಇನ್ನೊಬ್ಬರ ಸಂಸಾರಕ್ಕೆ ಸೆಂಗಾ ಆಗುವುದು ಹೇಗೆ? ನೀನು ಕೇಳುವುದನ್ನು ಬಿಟ್ಟುಬಿಟ್ಟರೆ ನನಗೆ ಕಾಗದವೂ ಬರುವುದಿಲ್ಲ ಎಂಬ ಹೆದರಿಕೆ.

ಇನ್ನೂ ಒಂದನ್ನು ಒಪ್ಪಿಕೊಳ್ಳಬೇಕು. ನಾನು ನನ್ನ ಗಂಡನ ಜೊತೆ ಹೋಟೆಲಿನ ಮೇಜಿನಲ್ಲಿ ಒಂದು ಸಲವೂ ಕೂತವಳಲ್ಲ. ನನಗೆ ಗೊತ್ತಿದ್ದದ್ದು ಕಿಂಡಿಯಿಂದ ಕಂಡಷ್ಟೇ. ತುಂಡು ಎಷ್ಟಕ್ಕೆ ಬಿತ್ತು, ಮೇಜು ಎಷ್ಟು ಬೇಗ ಖಾಲಿಯಾಯಿತು. ಎದ್ದು ಹೋಗದ ಗಿರಾಕಿ ನಮಗೆ ನಷ್ಟ. ನಾನು ನಿನಗೆ ಬರೆದುಕೊಟ್ಟದ್ದೆಲ್ಲ ಜನರನ್ನು ಬೇಗ ಎಬ್ಬಿಸುವ ಉಪಾಯಗಳೇ ಎಂದು ನಿನ್ನ ಕಾಗದ ಓದಿದ ಮೇಲೆ ಹೊಳೆಯಿತು.

ನಿನ್ನ ಮಾವ ದಿನಾ ಮೂರು ಗಂಟೆಗೆ, ಊಟದ ಗಲಾಟೆ ಮುಗಿದ ಮೇಲೆ ಬರುತ್ತಿದ್ದರು. ಕಿಟಕಿ ಪಕ್ಕದ ಮೇಜು. ಉಂಡಾದ ಮೇಲೆ ಒಳಕ್ಕೆ ಕೂಗುತ್ತಿದ್ದರು, “ಯಜಮಾನ್ತೀ, ನನ್ನ ಬಿಲ್ಲು ಎಲ್ಲಿ?”

“ಹೆಂಡ್ತಿ ಅಂಗಡೀಲಿ ಎಂಥ ಬಿಲ್ಲು? ಎದ್ದೇಳಿ, ಮೇಜು ಒರೆಸ್ಬೇಕು.”

“ಬರೆದು ಕೊಡೆ. ಓದು ಕಲಿತವಳು ನೀನು.”

ನಾನು ಸಿಟ್ಟಿನಿಂದ ಏನೋ ಗೀಚಿ ಕೊಡುತ್ತಿದ್ದೆ. ಅದನ್ನು ಹಿಡಿದುಕೊಂಡು ಅವರು ಅರ್ಧ ಗಂಟೆ ಕೂರುತ್ತಿದ್ದರು. ನನ್ನ ವ್ಯಾಪಾರದ ಮೇಲೆ ಕಣ್ಣಿಟ್ಟಿದ್ದಾರೆ, ಎಲ್ಲಿ ದುಡ್ಡು ಮುಚ್ಚಿಡುತ್ತೇನೋ ಎಂದು ನೋಡುತ್ತಿದ್ದಾರೆ ಎಂದುಕೊಂಡು ನಾನು ಹಿಂದೆ ಪಾತ್ರೆ ತೊಳೆಯಲು ಹೋಗಿಬಿಡುತ್ತಿದ್ದೆ. ಎದುರಿಗೆ ಒಂದು ಕುರ್ಚಿ ಖಾಲಿ ಇರುತ್ತಿತ್ತು ಮಗಳೇ. ಅಷ್ಟು ವರ್ಷ ಆ ಕುರ್ಚಿ ನನಗೆ ಬರೀ ಒರೆಸುವ ಸಾಮಾನಾಗಿತ್ತು. ಅವರು ಬಿಲ್ಲು ಕೇಳುವುದನ್ನು ಯಾವಾಗ ನಿಲ್ಲಿಸಿದರು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಹಾಯಾಯಿತು ಎಂದುಕೊಂಡಿರಬೇಕು.

ಹೋದ ವಾರ ಒಂದು ಕೆಲಸ ಮಾಡಿದೆ. ಪೇರಿಸಿಟ್ಟದ್ದರಿಂದ ಒಂದು ಮೇಜು, ಎರಡು ಕುರ್ಚಿ ಇಳಿಸಿದೆ. ಹಳೆಯ ಬಿಲ್ಲು ಪುಸ್ತಕ ಹುಡುಕಿ ಒಂದು ಹಾಳೆಯಲ್ಲಿ ಬರೆದೆ: ‘ಕಯೊಂಡೊ ಅವರಿಗೆ. ಕೋಳಿಯ ಲುವೊಂಬೊ, ಎರಡು ಪೊಟ್ಟಣ. ಶನಿವಾರ ಮೂರು ಗಂಟೆ.’ ದುಡ್ಡಿನ ಜಾಗವನ್ನು ಖಾಲಿ ಬಿಟ್ಟೆ. ಮಾಟೊಕೆ ಲಾರಿಯ ಮುವೊಂಗೆ ಕಲುಂಗುವಿಗೆ ಹೋಗುತ್ತಾನೆ, ಅವನ ಕೈಲಿ ಕೊಟ್ಟೆ. “ಏನಮ್ಮಾ, ಗಂಡನಿಗೂ ಸಾಲ ಕೊಟ್ಟಿದ್ದೀಯ?” ಎಂದು ನಕ್ಕ. “ಕೊಟ್ಟು ಬಾ, ಬಾಯಿ ಮುಚ್ಚು” ಎಂದೆ.

ನಿನ್ನೆ ಶನಿವಾರ. ಎಲೆ ಬಾಡಿಸಿ, ಕಡಲೆಬೀಜ ಅರೆದು, ಎರಡು ಪೊಟ್ಟಣ ಕಟ್ಟಿ ಬೇಯಿಸಿದೆ. ಕಿಟಕಿ ಪಕ್ಕ, ಅವರ ಎದುರಿನ ಕುರ್ಚಿಯಲ್ಲಿ ಕೂತೆ. ಅಲ್ಲಿಂದ ರಸ್ತೆಯ ತಿರುವಿನವರೆಗೂ ಕಾಣುತ್ತದೆ, ಮೂವತ್ತು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಮೂರಾಯಿತು, ನಾಲ್ಕಾಯಿತು. ನನ್ನದನ್ನು ಬಿಚ್ಚಿ ಉಂಡೆ. ಇನ್ನೊಂದನ್ನು ಬಿಚ್ಚಲಿಲ್ಲ, ಗಂಟಿನ ಸಮೇತ ಪಕ್ಕದ ಮನೆಗೆ ಕೊಟ್ಟೆ.

ನೀನು ಮಾತ್ರ ಒಂಬತ್ತನೇ ತಾರೀಕು ಕತ್ತಲಾದ ಮೇಲೇ ಹೋಗು. ಎರಡು ಪೊಟ್ಟಣ ಹೇಳು, ಸೋಡಾ ಹೇಳು, ಕೋಕೋ ಡಬ್ಬ ಒಡೆದು ಖರ್ಚು ಮಾಡು. ಅವನದನ್ನು ಅವನೇ ಬಿಚ್ಚಲಿ. ನನ್ನ ಕಾಗದಗಳನ್ನೂ ತೋರಿಸು, ತಪ್ಪು ಯಾರದೆಂದು ಅವನಿಗೆ ಗೊತ್ತಾಗಲಿ. ಬಿಲ್ಲು ಬಂದಾಗ ಕೈ ಚಾಚಬೇಡ.

ಇವತ್ತು ಬೆಳಿಗ್ಗೆ ಮುವೊಂಗೆ ಲಾರಿ ನಿಲ್ಲಿಸಿ ಬಂದ. ಚೀಟಿ ಕೊಟ್ಟೆಯಾ ಎಂದೆ. ಕೊಟ್ಟನಂತೆ. ಏನಂದರು ಎಂದೆ. “ಏನೂ ಅನ್ಲಿಲ್ಲಮ್ಮ. ಅಂಗಳದಲ್ಲಿ ನಿಂತ್ಕೊಂಡು ತುಂಬ ಹೊತ್ತು ಅದನ್ನೇ ನೋಡ್ತಿದ್ರು. ನಾನು ಲಾರಿ ತುಂಬಿ ಮುಗಿಸೋ ತನಕ. ಆಮೇಲೆ ಮಡಚಿ ಜೇಬಿಗೆ ಹಾಕ್ಕೊಂಡ್ರು” ಎಂದ.

ತುಂಬ ಹೊತ್ತು ನೋಡುವ ಗಂಡಸಿನ ಬಗ್ಗೆ ನನಗೆ ಎಲ್ಲ ಗೊತ್ತು ಎಂದು ಫೆಬ್ರವರಿಯಲ್ಲಿ ನಿನಗೆ ಬರೆದಿದ್ದೆ. ಈಗ ಏನೂ ಗೊತ್ತಿಲ್ಲ. ನೀನು ಒಬ್ಬನನ್ನು ಕೇಳಿ ತಿಳಿದುಕೊಂಡವಳು. ಇದಕ್ಕೆ ಏನು ಅರ್ಥವೆಂದು ನನಗೆ ಬರಿ ಕಂದ. ಬರುವ ಶನಿವಾರ ಮತ್ತೆ ಎರಡು ಎಲೆ ಬಾಡಿಸಬೇಕೋ ಬೇಡವೋ, ಅದರೊಳಗೆ ನಿನ್ನ ಕಾಗದ ಕೈ ಸೇರುವಂತೆ ಬೇಗ ಬರಿ.

ನಿನ್ನ ಸೆಂಗಾ,
ನಾಲುಂಗಾ